ಉತ್ತರ ಸರಿಯೋ ತಪ್ಪೋ? ತಾಳೆ ನೋಡೋಣ ಬನ್ನಿ



ಗಣಿತದ ಪೀರಿಯಡ್ ಮುಗಿದು ಬೆಲ್ ಹೊಡೆದ ಕೂಡಲೇ ನಮ್ಮ ತರಗತಿಯಲ್ಲಿ ಕೇಳಿಬರುವ ಮೊದಲ ಮಾತು ಯಾವುದು ಹೇಳಿ? "ಲೇ, ನಿಂದು ಎಷ್ಟ್ ಬಂತೋ?" ಪಕ್ಕದವನಿಗೂ ಅಷ್ಟೇ ಬಂದಿದ್ದರೆ ಸಮಾಧಾನ. ಬೇರೆ ಬಂದಿದ್ದರೆ ಹಿಂದಿನ ಬೆಂಚಿನವರನ್ನು ಕೇಳುವುದು. ಮೂವರಲ್ಲಿ ಇಬ್ಬರದು ಒಂದೇ ಆದರೆ ಅದೇ ಸರಿ ಎಂದು ತೀರ್ಮಾನ. ಇದು ಗಣಿತವಲ್ಲ, ಪಂಚಾಯಿತಿ ಚುನಾವಣೆ! ಇನ್ನು ಕೆಲವರು ಪುಸ್ತಕದ ಕೊನೆಯ ಪುಟ ತಿರುವಿ ಹಾಕುತ್ತಾರೆ. ಅಲ್ಲಿ ಅಚ್ಚಿನ ದೋಷವಿದ್ದರೆ ಸರಿಯಾಗಿ ಮಾಡಿದ ಲೆಕ್ಕವನ್ನೇ ಹೊಡೆದುಹಾಕಿ ಮತ್ತೆ ಮಾಡುತ್ತಾ ಕೂರುತ್ತಾರೆ.

ಏಕಕಾಲಿಕ ಸಮೀಕರಣಗಳ ಪಾಠದಲ್ಲಿ ಹೀಗೆ ಯಾರನ್ನೂ ಕೇಳುವ ಅಗತ್ಯವೇ ಇಲ್ಲ. ಲೆಕ್ಕ ಬಿಡಿಸಲು ಅರ್ಧ ಪುಟ ಬೇಕಾದೀತು. ಆದರೆ ಬಂದ ಉತ್ತರ ಸರಿಯೋ ಅಲ್ಲವೋ ಎಂದು ನೋಡಲು ಎರಡು ಸಾಲು ಸಾಕು. ಗುಣಿಸುವುದು, ಕೂಡುವುದು, ಕಳೆಯುವುದು ಗೊತ್ತಿದ್ದರಾಯಿತು. ಈ ಪಾಠವನ್ನೇ ಓದದ ಏಳನೇ ತರಗತಿಯ ತಮ್ಮ ತಂಗಿಯರೂ ತಾಳೆ ನೋಡಬಹುದು. ಅವರೂ ಓದಲಿ ಎಂದೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

<u>ಒಂದು ಹಳೆಯ ಹಣ್ಣಿನ ಲೆಕ್ಕ</u>

ಉದಾಹರಣೆಯನ್ನು ನಾನೇ ಕಟ್ಟುವುದರ ಬದಲು ನಮ್ಮ ನಾಡಿನದೇ ಒಂದು ಲೆಕ್ಕ ಕೊಡುತ್ತೇನೆ. ಸುಮಾರು ಕ್ರಿ.ಶ. 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಇದ್ದ. ಆ ರಾಜರ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಬರುವ ಒಂದು ಲೆಕ್ಕದ ಸಾರಾಂಶ ಹೀಗಿದೆ:

9 ಮಾದಲಹಣ್ಣು ಮತ್ತು 7 ಬೇಲದಹಣ್ಣಿಗೆ ಒಟ್ಟು ಬೆಲೆ 107. ಅದೇ 7 ಮಾದಲಹಣ್ಣು ಮತ್ತು 9 ಬೇಲದಹಣ್ಣಿಗೆ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು?

(ಮಾದಲ ಎಂದರೆ ದೊಡ್ಡ ನಿಂಬೆಯಂಥ, ದಪ್ಪ ಸಿಪ್ಪೆಯ ಹಣ್ಣು. ಬೇಲದಹಣ್ಣು ಎಲ್ಲರಿಗೂ ಗೊತ್ತು, ಗಣೇಶನ ಹಬ್ಬದ ಸಂತೆಯಲ್ಲಿ ಬರುತ್ತದೆ.)

ಮಾದಲದ ಬೆಲೆಗೆ 'ಮ' ಎಂದೂ ಬೇಲದ ಬೆಲೆಗೆ 'ಬ' ಎಂದೂ ಇಟ್ಟುಕೊಳ್ಳೋಣ. ಇಲ್ಲೊಂದು ಮಾತು. 'ಮ' ಎಂದರೆ ಮಾದಲಹಣ್ಣು ಅಲ್ಲ, ಒಂದು ಮಾದಲಹಣ್ಣಿನ ಬೆಲೆ. ಇದನ್ನು ಮರೆತರೆ ಮುಂದೆ ಎಲ್ಲವೂ ಗೋಜಲು.

9ಮ + 7ಬ = 107 …… (1)
7ಮ + 9ಬ = 101 …… (2)

ಯಾರೋ ಬಂದು "ಉತ್ತರ (8, 5)" ಎಂದರು ಎನ್ನಿ. ಆವರಣದೊಳಗಿನ ಮೊದಲ ಸಂಖ್ಯೆ ಮ, ಎರಡನೆಯದು ಬ. ಅವರು ಹೇಗೆ ಕಂಡುಹಿಡಿದರೋ ನಮಗೆ ಬೇಡ. ಕನಸಿನಲ್ಲಿ ಬಂದಿದ್ದರೂ ಚಿಂತೆಯಿಲ್ಲ. ಮ ಇರುವ ಕಡೆ 8, ಬ ಇರುವ ಕಡೆ 5 ಆದೇಶಿಸಿ ನೋಡೋಣ.

(1)ರ ಎಡಭಾಗ: 9 × 8 + 7 × 5 = 72 + 35 = 107. ಬಲಭಾಗವೂ 107. ಸರಿ.
(2)ರ ಎಡಭಾಗ: 7 × 8 + 9 × 5 = 56 + 45 = 101. ಬಲಭಾಗವೂ 101. ಸರಿ.

ಎರಡೂ ತಾಳೆಯಾದವು. ಆದ್ದರಿಂದ (8, 5) ಈ ಜೋಡಿಯ ಪರಿಹಾರ. ಕೆಲಸ ಮುಗಿಯಿತು.

ಈಗ ಅದೇ ಸಂಖ್ಯೆಗಳನ್ನು ತಿರುಗಿಸಿ (5, 8) ಎಂದು ಬರೆದರೆ? (1)ರಲ್ಲಿ 45 + 56 = 101 ಬರುತ್ತದೆ. (2)ರಲ್ಲಿ 35 + 72 = 107 ಬರುತ್ತದೆ. ಮಜಾ ನೋಡಿ, ಲೆಕ್ಕದಲ್ಲಿರುವ 101, 107 ಎರಡೂ ಬಂದವು, ಆದರೆ ಅದಲು ಬದಲಾಗಿ ಕೂತಿವೆ! ಅವಸರದಲ್ಲಿ ನೋಡಿದವರು "ಎರಡೂ ಬಂತು ಕಣೋ" ಎಂದು ಸರಿ ಗುರುತು ಹಾಕಿಬಿಡುತ್ತಾರೆ. (1)ರಲ್ಲಿ 107 ಬೇಕಿತ್ತು, ಬಂದದ್ದು 101. ಆದ್ದರಿಂದ (5, 8) ಪರಿಹಾರ ಅಲ್ಲ. ಬಿಂದುವಿನಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದೇ ಮುಖ್ಯ.

ಇನ್ನೊಂದು ಬಿಂದು (1, 14). (1)ರಲ್ಲಿ 9 + 98 = 107. ಸರಿಯಾಗಿದೆ! ಇಲ್ಲಿಗೇ ನಿಲ್ಲಿಸಿದರೆ ಕೆಟ್ಟೆವು. (2)ರಲ್ಲಿ 7 + 126 = 133. ಬೇಕಾದದ್ದು 101. ತಾಳೆಯಾಗಲಿಲ್ಲ, ಬಿಂದು ಹೊರಗೆ. ಮೊದಲ ದಿನದ ಹಣ್ಣಿನ ಲೆಕ್ಕಕ್ಕೆ ಸರಿಹೋಗುವ ಬೆಲೆ ಎರಡನೇ ದಿನಕ್ಕೆ ಸರಿಹೋಗಲಿಲ್ಲ.

ಈ ಪಾಠದ ಹೆಸರಿನಲ್ಲೇ ಗುಟ್ಟು ಇದೆ. 'ಏಕಕಾಲಿಕ' ಎಂದರೆ ಒಂದೇ ಕಾಲದಲ್ಲಿ. ಒಂದೇ ಜೋಡಿ ಬೆಲೆಗಳು ಎಲ್ಲಾ ಸಮೀಕರಣಗಳಿಗೂ ಒಟ್ಟಿಗೇ ಒಪ್ಪಬೇಕು. ಒಂದು ಒಪ್ಪಿ ಒಂದು ಒಪ್ಪದಿದ್ದರೆ ಅರ್ಧ ಉತ್ತರ ಅಂತ ಏನೂ ಇಲ್ಲ, ಅದು ಪರಿಹಾರವೇ ಅಲ್ಲ. ಹಾಗೆಯೇ ಒಂದರಲ್ಲಿ ತಪ್ಪಿದರೆ ಉಳಿದವನ್ನು ನೋಡುವ ಶ್ರಮವೂ ಬೇಡ.

ಬಿಡಿಸುವುದು ಹೇಗೆ ಎಂದು ಕೆಲವರಿಗೆ ಕುತೂಹಲ ಇರಬಹುದು. ಮಹಾವೀರಾಚಾರ್ಯ ಹೇಳಿದ ಕ್ರಮ ಇದು: ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ (107 × 9 = 963). ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ (101 × 7 = 707). ಕಳೆದರೆ 256. ಅದನ್ನು 9ರ ಮತ್ತು 7ರ ವರ್ಗಗಳ ವ್ಯತ್ಯಾಸದಿಂದ, ಅಂದರೆ 81 − 49 = 32ರಿಂದ ಭಾಗಿಸಿ. 8 ಬಂತು. ಗುಣಿಸುವ ಸಂಖ್ಯೆಗಳನ್ನು ಅದಲು ಬದಲು ಮಾಡಿದರೆ 909 − 749 = 160, ಭಾಗಿಸು 32, 5 ಬಂತು. ಈ ಸೂತ್ರ ಯಾಕೆ ನಡೆಯುತ್ತದೆ ಎಂದು ವರ್ಜಿಸುವ ವಿಧಾನ ಗೊತ್ತಿರುವವರು ತಾವೇ ಯೋಚಿಸಬಹುದು. ನಮಗೆ ಬೇಕಾದದ್ದು ಇಷ್ಟೇ: ಸೂತ್ರ ಮರೆತುಹೋದರೂ ತಾಳೆ ನೋಡುವುದು ನಿಲ್ಲುವುದಿಲ್ಲ.

<u>ನಕ್ಷೆಯಲ್ಲಿ ಕಂಡದ್ದು</u>

ಮುಂದಿನ ಲೆಕ್ಕಗಳಲ್ಲಿ ಹಣ್ಣು ಇಲ್ಲ, ಆದ್ದರಿಂದ ಬೇರೆ ಅಕ್ಷರ ಬೇಕು. ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ನಮ್ಮ ಗೋಡೆ ಪತ್ರಿಕೆ ಪೂರ್ತಿ ಕನ್ನಡದಲ್ಲಿರಬೇಕು ಎಂಬ ನಿಯಮ ಇದೆಯಲ್ಲ, ಅದಕ್ಕೂ ಒಂದು ದಾರಿ ಸಿಕ್ಕಿತು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಗೊತ್ತಿಲ್ಲದ ಮೊದಲ ಬೆಲೆಗೆ 'ಯಾವತ್ತಾವತ್' ಎನ್ನುತ್ತಾರೆ. ಅಂದರೆ 'ಎಷ್ಟೋ ಅಷ್ಟು'. ಆಮೇಲಿನವಕ್ಕೆ ಬಣ್ಣಗಳ ಹೆಸರು: ಕಾಲಕ (ಕಪ್ಪು), ನೀಲಕ (ನೀಲಿ), ಪೀತಕ (ಹಳದಿ). ಚಿಕ್ಕದಾಗಿ ಯಾ, ಕಾ, ನೀ, ಪೀ. ನಾವೂ ಅದನ್ನೇ ಬಳಸೋಣ. ಎಕ್ಸ್ ಬದಲು ಯಾ, ವೈ ಬದಲು ಕಾ.

ಯಾ + 2ಕಾ = 8 …… (3)
3ಯಾ − ಕಾ = 4 …… (4)

ಇಂಥ ಒಂದೊಂದು ಸಮೀಕರಣವೂ ಗ್ರಾಫ್ ಹಾಳೆಯ ಮೇಲೆ ಒಂದು ಸರಳರೇಖೆ. ರೇಖೆಯ ಮೇಲಿರುವ ಪ್ರತಿ ಬಿಂದುವೂ ಆ ಸಮೀಕರಣಕ್ಕೆ ಒಪ್ಪುತ್ತದೆ, ರೇಖೆಯ ಹೊರಗಿನದು ಯಾವುದೂ ಒಪ್ಪುವುದಿಲ್ಲ. ಎರಡಕ್ಕೂ ಒಪ್ಪುವ ಬಿಂದು ಎರಡೂ ರೇಖೆಗಳ ಮೇಲೆ ಇರಬೇಕು. ಅಂದರೆ ಅವು ಛೇದಿಸುವ ಜಾಗ.

ಪೆನ್ಸಿಲ್ ಚೂಪು ಮಾಡಿ, 1 ಸೆಂಟಿಮೀಟರಿಗೆ 1 ಮಾನದಂತೆ ಈ ಎರಡು ರೇಖೆ ಎಳೆಯಿರಿ. ಛೇದಿಸುವ ಬಿಂದು ಸುಮಾರು (2.3, 2.9) ಎಂದು ಕಾಣುತ್ತದೆ. ನಿಮ್ಮ ಗೆಳತಿಗೂ ಹಾಗೇ ಕಾಣುತ್ತದೆ. ಎಲ್ಲರಿಗೂ ಹಾಗೇ ಕಾಣುತ್ತದೆ. ಆದರೆ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆಯಲ್ಲ!

(4)ರಲ್ಲಿ: 3 × 2.3 − 2.9 = 6.9 − 2.9 = 4. ಸರಿಯಾಗಿ 4!
(3)ರಲ್ಲಿ: 2.3 + 2 × 2.9 = 2.3 + 5.8 = 8.1. ಬೇಕಾದದ್ದು 8.

0.1 ಹೆಚ್ಚಾಯಿತು. "ಅಷ್ಟೇ ತಾನೇ, ಬಿಡು" ಎನ್ನುವ ಹಾಗಿಲ್ಲ. ಪರಿಹಾರ ಎಂದರೆ ಎಡಭಾಗ ಬಲಭಾಗ ಸಮ, ಹತ್ತಿರ ಅಲ್ಲ. ನಿಜವಾದ ಪರಿಹಾರ ಭಿನ್ನರಾಶಿಯಲ್ಲಿದೆ: (16/7, 20/7). ತಾಳೆ ನೋಡಿ. (3)ರಲ್ಲಿ 16/7 + 40/7 = 56/7 = 8. (4)ರಲ್ಲಿ 48/7 − 20/7 = 28/7 = 4. ಈ ಏಳನೇ ಒಂದರ ಭಾಗಗಳನ್ನು ಗ್ರಾಫ್ ಹಾಳೆಯ ಮಿಲಿಮೀಟರ್ ಚೌಕದಲ್ಲಿ ಗುರುತಿಸುವುದು ಯಾರ ಕಣ್ಣಿಗೂ ಆಗದು. ನಕ್ಷೆ ದಾರಿ ತೋರಿಸುತ್ತದೆ, ಆದೇಶಿಸಿ ನೋಡಿದರೆ ಮಾತ್ರ ಊರು ಬಂತೋ ಇಲ್ಲವೋ ಗೊತ್ತಾಗುತ್ತದೆ.

<u>ಯಾವ ಸಮೀಕರಣದಲ್ಲಿ ತಾಳೆ ನೋಡಬೇಕು?</u>

ಇದು ಬಹಳ ಜನ ಜಾರಿ ಬೀಳುವ ಜಾಗ, ಸ್ವಲ್ಪ ನಿಧಾನವಾಗಿ ಓದಿ.

ಮೇಲಿನ ಜೋಡಿಯನ್ನೇ ಒಬ್ಬ ವಿದ್ಯಾರ್ಥಿ ಬಿಡಿಸುತ್ತಿದ್ದಾನೆ ಎಂದುಕೊಳ್ಳಿ. ಕಾ ವರ್ಜಿಸಲು (4)ನ್ನು 2ರಿಂದ ಗುಣಿಸಬೇಕು. ಎಡಭಾಗವನ್ನು ಗುಣಿಸಿದ, ಬಲಭಾಗದ 4ನ್ನು ಗುಣಿಸುವುದು ಮರೆತ. ಹೀಗೆ ಬರೆದ:

6ಯಾ − 2ಕಾ = 4 …… (5)

(3)ಕ್ಕೆ ಕೂಡಿದ. 7ಯಾ = 12, ಯಾ = 12/7. ಇದನ್ನು (3)ರಲ್ಲಿ ಆದೇಶಿಸಿ ಕಾ = 22/7 ಎಂದು ತೆಗೆದ. (22/7 ಕಂಡ ಕೂಡಲೇ ವೃತ್ತದ ಲೆಕ್ಕ ನೆನಪಾಗಿ ಅವನಿಗೆ ಉತ್ತರದ ಮೇಲೆ ಇನ್ನೂ ನಂಬಿಕೆ ಬಂದಿರಬೇಕು!) ಶ್ರದ್ಧೆಯ ಹುಡುಗ, ತಾಳೆಯನ್ನೂ ನೋಡಿದ. (3)ರಲ್ಲಿ 12/7 + 44/7 = 56/7 = 8, ಸರಿ. (5)ರಲ್ಲಿ 72/7 − 44/7 = 28/7 = 4, ಸರಿ. ಎರಡೂ ಸರಿ! ಆದರೂ ಉತ್ತರ ತಪ್ಪು. ಹೇಗೆ?

(5) ಲೆಕ್ಕದಲ್ಲಿ ಕೊಟ್ಟ ಸಮೀಕರಣವಲ್ಲ, ಅವನೇ ಮಾಡಿಕೊಂಡದ್ದು. ಅದರಲ್ಲೇ ತಪ್ಪು ಕೂತಿದೆ. ಅದನ್ನೇ ಕೇಳಿದರೆ ಅದು ಸರಿ ಎಂದೇ ಹೇಳುತ್ತದೆ. ಕಳ್ಳನನ್ನೇ ಕರೆದು "ಕದ್ದವರು ಯಾರಪ್ಪಾ" ಎಂದು ಕೇಳಿದ ಹಾಗೆ. ಪ್ರಶ್ನೆಯಲ್ಲಿ ಅಚ್ಚಾಗಿರುವ (4)ರಲ್ಲಿ ಹಾಕಿ ನೋಡಿ: 36/7 − 22/7 = 14/7 = 2. ಬೇಕಾದದ್ದು 4. ಸಿಕ್ಕಿಬಿತ್ತು!

(3)ರ ಸಾಕ್ಷಿಯೂ ಇಲ್ಲಿ ಹೆಚ್ಚು ಬೆಲೆಯದಲ್ಲ. ಕಾ ಬೆಲೆಯನ್ನು (3)ರಿಂದಲೇ ತೆಗೆದಿದ್ದಾನೆ. ಯಾ ಬೆಲೆ ಎಷ್ಟೇ ತಪ್ಪಿದ್ದರೂ, (3) ಸರಿಹೋಗುವಂತೆಯೇ ಕಾ ಬಂದಿರುತ್ತದೆ. ಬೇಕಾದರೆ ಯಾ = 100 ಎಂದು ಸುಮ್ಮನೆ ಇಟ್ಟು ನೋಡಿ. (3)ರಿಂದ ಕಾ = −46 ಬರುತ್ತದೆ. 100 − 92 = 8, ತಾಳೆಯಾಯಿತು! ಆದ್ದರಿಂದ ಎರಡನೇ ಬೆಲೆಯನ್ನು ಯಾವ ಸಮೀಕರಣದಿಂದ ತೆಗೆದಿರೋ ಅದಲ್ಲದ ಇನ್ನೊಂದರಲ್ಲಿ ತಪ್ಪದೆ ನೋಡಬೇಕು. ಎರಡರಲ್ಲೂ ನೋಡಿದರೆ ಇನ್ನೂ ಒಳ್ಳೆಯದು, ಕೂಡುವಾಗ ಕಳೆಯುವಾಗ ಆದ ತಪ್ಪು ಇದ್ದರೆ ಅದೂ ಹೊರಗೆ ಬರುತ್ತದೆ.

ಋಣ ಸಂಖ್ಯೆ ಬಂದಾಗ ಆವರಣ ಹಾಕಿ. ಯಾ − ಕಾ ಎಂಬಲ್ಲಿ (4, −1) ಆದೇಶಿಸಿದರೆ 4 − (−1) = 5. ಆವರಣ ಇಲ್ಲದೆ ಬರೆದವರಿಗೆ 3 ಬಂದು, ಸರಿಯಾದ ಬಿಂದುವೇ ತಪ್ಪು ಎಂದು ಕಾಣುತ್ತದೆ.

<u>ಮೂರು ಚೀಟಿಗಳು</u>

"ಇದೆಲ್ಲಾ ಪರೀಕ್ಷೆಗೆ ಸರಿ, ಮನೆಗೆ ಏನು ಉಪಯೋಗ?" ಎನ್ನುವವರಿಗೆ ನಮ್ಮ ಮನೆಯ ವಿಷಯ ಹೇಳುತ್ತೇನೆ. ನಮ್ಮ ಅಜ್ಜಿಗೆ ಓದು ಬರಹ ಬರುವುದಿಲ್ಲ. ಆದರೆ ತೆಂಗಿನಕಾಯಿ ವ್ಯಾಪಾರಿ ಕೊಟ್ಟ ಚೀಟಿಗಳನ್ನು ಒಂದೂ ಬಿಡದೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಇಟ್ಟಿರುತ್ತಾರೆ. ವ್ಯಾಪಾರಿ ದಪ್ಪ ಕಾಯಿಗೆ 20 ರೂಪಾಯಿ, ಸಣ್ಣ ಕಾಯಿಗೆ 12 ರೂಪಾಯಿ ಎಂದು ದರ ಹೇಳಿದ್ದ. ಮೂರು ಸಲ ಕಾಯಿ ಹಾಕಿದ್ದೆವು. ಚೀಟಿಯಲ್ಲಿ ಕಾಯಿಯ ಎಣಿಕೆ ಮತ್ತು ಒಟ್ಟು ಹಣ ಮಾತ್ರ. ದಪ್ಪ ಕಾಯಿಯ ದರ ದ, ಸಣ್ಣದರ ದರ ಸ ಎಂದು ಬರೆದರೆ:

100ದ + 50ಸ = 2600
80ದ + 75ಸ = 2500
120ದ + 60ಸ = 3000

ಬಿಂದು (20, 12). ಮೊದಲನೆಯದು 2000 + 600 = 2600, ಸರಿ. ಎರಡನೆಯದು 1600 + 900 = 2500, ಸರಿ. ಮೂರನೆಯದು 2400 + 720 = 3120. ಚೀಟಿಯಲ್ಲಿ 3000. ಅಂದರೆ 120 ರೂಪಾಯಿ ಕಡಿಮೆ.

ಇಷ್ಟರಿಂದಲೇ ವ್ಯಾಪಾರಿಯದು ತಪ್ಪು ಎಂದು ಹೇಳಲಾಗದು, ಗಮನಿಸಿ. ಮೂರನೇ ಸಲ ದರ ಇಳಿದಿರಬಹುದು, ಎಣಿಕೆ ತಪ್ಪಿರಬಹುದು, ಕೂಡಿದ್ದು ತಪ್ಪಿರಬಹುದು. ತಾಳೆಯಾಗಲಿಲ್ಲ ಎಂದಷ್ಟೇ ಲೆಕ್ಕ ಹೇಳುತ್ತದೆ. ಯಾಕೆ ಎನ್ನುವುದನ್ನು ನಾವೇ ಹುಡುಕಬೇಕು.

ಆದರೆ ಈ ಚೀಟಿಗಳಲ್ಲಿ ಇನ್ನೊಂದು ವಿಷಯವೂ ಇದೆ. ಮೊದಲ ಚೀಟಿಯನ್ನು 5ರಿಂದ ಭಾಗಿಸಿದರೆ 20 ದಪ್ಪ, 10 ಸಣ್ಣ ಕಾಯಿಗೆ 520 ರೂಪಾಯಿ. ಮೂರನೇ ಚೀಟಿ ಇದರ ಸರಿಯಾಗಿ ಆರರಷ್ಟು: 120 ದಪ್ಪ, 60 ಸಣ್ಣ. ಹಾಗಾದರೆ ಹಣವೂ 520 × 6 = 3120 ಆಗಲೇಬೇಕು. ದರ 20, 12 ಇರಲಿ, 22, 8 ಇರಲಿ, ಎರಡೂ ಸಲ ಒಂದೇ ದರ ಇದ್ದರೆ 3000 ಬರುವುದಕ್ಕೆ ಸಾಧ್ಯವೇ ಇಲ್ಲ. ನಕ್ಷೆಯಲ್ಲಿ ಈ ಎರಡು ಸಮೀಕರಣಗಳು ಸಮಾಂತರ ರೇಖೆಗಳು, ಎಂದೂ ಸೇರುವುದಿಲ್ಲ. ಯಾವ ಬಿಂದು ತಂದು ಇಟ್ಟರೂ ಒಂದರಲ್ಲಾದರೂ ತಾಳೆ ತಪ್ಪಿಯೇ ತಪ್ಪುತ್ತದೆ.

ಮುಂದಿನ ಸಲ ವ್ಯಾಪಾರಿ ಬಂದಾಗ ಅಜ್ಜಿಯೇ ಕೇಳಿದರು, "ಏನಪ್ಪಾ, ನಮ್ ಹುಡುಗಿ ಏನೋ ಲೆಕ್ಕ ಹೇಳ್ತಾಳೆ, ಒಸಿ ನೋಡು." ಅವನು ಚೀಟಿ ಇಸಕೊಂಡು ಎರಡು ಸಲ ನೋಡಿ, "ದರ ಅದೇ ಅಜ್ಜಿ, ಕೂಡೋವಾಗ ಬಿಟ್ಟೋಗಿದೆ" ಎಂದು 120 ರೂಪಾಯಿ ಆ ದಿನದ ಲೆಕ್ಕಕ್ಕೆ ಸೇರಿಸಿಕೊಟ್ಟ. ಈಗ ಅಜ್ಜಿ ಹಾಲಿನ ಚೀಟಿ, ಗೊಬ್ಬರದ ಚೀಟಿ ಎಲ್ಲವನ್ನೂ ನನ್ನ ಮುಂದೆ ತಂದು ಇಡುತ್ತಾರೆ. ಅದು ಬೇರೆ ಕಷ್ಟ.

<u>ಒಂದು ಎಚ್ಚರಿಕೆ</u>

ತಾಳೆಯಾಯಿತು ಎಂದರೆ ಆ ಬಿಂದು ಪರಿಹಾರ ಎಂದು ಗೊತ್ತಾಯಿತು. ಅದೊಂದೇ ಪರಿಹಾರ ಎಂದು ಗೊತ್ತಾಗಲಿಲ್ಲ. 2ಯಾ + 3ಕಾ = 12, 4ಯಾ + 6ಕಾ = 24 ಎಂಬ ಜೋಡಿ ನೋಡಿ. (3, 2) ಎರಡಕ್ಕೂ ಒಪ್ಪುತ್ತದೆ. (0, 4) ಒಪ್ಪುತ್ತದೆ. (6, 0) ಕೂಡ ಒಪ್ಪುತ್ತದೆ. ಎರಡನೆಯದು ಮೊದಲನೆಯದರ ಎರಡರಷ್ಟು ಅಷ್ಟೇ, ಹೊಸ ಸುದ್ದಿ ಏನೂ ಇಲ್ಲ. ಎರಡೂ ಒಂದೇ ರೇಖೆ, ಅದರ ಮೇಲಿನ ಬಿಂದುಗಳೆಲ್ಲಾ ಪರಿಹಾರಗಳೇ. ಆದ್ದರಿಂದ ನಿಮಗೂ ಗೆಳತಿಗೂ ಬೇರೆ ಬೇರೆ ಉತ್ತರ ಬಂದು ಎರಡೂ ತಾಳೆಯಾದರೆ ಜಗಳ ಆಡಬೇಡಿ, ಸಮೀಕರಣಗಳನ್ನು ಇನ್ನೊಮ್ಮೆ ನೋಡಿ.

<u>ನೀವೇ ಮಾಡಿ</u>

(ಅ) 3ಯಾ + 2ಕಾ = 16, 5ಯಾ − ಕಾ = 5. ಇವುಗಳಿಗೆ (4, 2), (1, 0), (2, 5), (5, 2) ಇವುಗಳಲ್ಲಿ ಯಾವುದು ಪರಿಹಾರ? ಲೆಕ್ಕ ಬಿಡಿಸಕೂಡದು, ತಾಳೆ ಮಾತ್ರ ನೋಡಬೇಕು.

(ಆ) ಯಾ + ಕಾ = 7, 2ಯಾ − ಕಾ = 2, ಯಾ + 3ಕಾ = 16. ಈ ಮೂರಕ್ಕೂ (3, 4) ಒಪ್ಪುತ್ತದೆಯೇ?

(ಇ) ಇದು ನಮ್ಮ ಪಾಠದಲ್ಲಿ ಇಲ್ಲ. ಗೊತ್ತಿಲ್ಲದ ಬೆಲೆಗಳು ಮೂರು, ಆದ್ದರಿಂದ ನೀಲಕನೂ ಬಂದಿದ್ದಾನೆ. ಯಾ + ಕಾ + ನೀ = 6, 2ಯಾ − ಕಾ + ನೀ = 3, ಯಾ + 2ಕಾ − ನೀ = 2. ಬಿಡಿಸಲು ಬಾರದಿದ್ದರೂ (1, 2, 3) ಪರಿಹಾರವೋ ಅಲ್ಲವೋ ಹೇಳಬಹುದು. ಏಳನೇ ತರಗತಿಯವರು ಇದನ್ನು ಮೊದಲು ಮಾಡಿದರೆ ನಮಗೆ ನಾಚಿಕೆ!

ಬೋರ್ಡಿನ ಕೆಳಗೆ ದಾರದಲ್ಲಿ ಒಂದು ಹಾಳೆ ಕಟ್ಟಿದೆ. ಉತ್ತರವನ್ನು ತಾಳೆ ಸಮೇತ ಅದರಲ್ಲಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಈ ಲೆಕ್ಕಗಳ ಉತ್ತರ ಕೊಡುವುದಿಲ್ಲ, ಬೇಕಾಗುವುದೂ ಇಲ್ಲ ಅಲ್ವಾ?

— ಹತ್ತನೇ ತರಗತಿ, 'ಬಿ' ವಿಭಾಗದ ವಿದ್ಯಾರ್ಥಿನಿ